ಮರಾಠಿ ಬರೆಯೋಕೆ ಬರಲ್ಲ ಅಂದ್ರೆ ಡಿಸ್ಲೆಕ್ಸಿಯಾನಾ?

ಇವತ್ತು ಪಿಟಿಎಂನಲ್ಲಿ ಕಿವಿಗೆ ಬೀಳೋ ಒಂದು ಮಾತಿನ ಬಗ್ಗೆ: "ಮಗು ಚುರುಕಾಗಿದೆ, ಆದ್ರೆ ಓದೋದ್ರಲ್ಲಿ ಬರೆಯೋದ್ರಲ್ಲಿ ತುಂಬಾ ಹಿಂದಿದೆ. ಒಂದ್ಸಲ ಅಸೆಸ್‌ಮೆಂಟ್ ಮಾಡಿಸಿ."

ಬೆಂಗಳೂರಿನಲ್ಲಿ ಎರಡನೇ ಕ್ಲಾಸ್ ಮುಗಿಸಿ, ಅಮ್ಮನ ಪ್ರಾಜೆಕ್ಟ್ ಹಿಂಜವಡಿಗೆ ಬದಲಾಯ್ತು ಅಂತ ಪುಣೆಗೆ ಬಂದ ಮಗು ಅಂತ ಇಟ್ಕೊಳ್ಳಿ. ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್, ಹಿಂದಿ, ಮೇಲೆ ಮರಾಠಿ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ತೆಲಂಗಾಣದಲ್ಲಿ ತೆಲುಗಿಗೆ 2018ರಲ್ಲೇ ಇಂಥ ಕಾನೂನು ಬಂತು. ಈ ಮಗು ಡಿಕ್ಟೇಷನ್‌ನಲ್ಲಿ ಸಾಲುಸಾಲಾಗಿ ತಪ್ಪು ಮಾಡಿದ್ರೆ ಏನಂತ ತಿಳ್ಕೋಬೇಕು?

ಇಲ್ಲಿ ಎರಡು ಥರ ಎಡವಬಹುದು. ಹೊಸ ಲಿಪಿ ಕಲೀತಿರೋ ಮಗುವಿಗೆ ಸುಮ್ಮನೆ ಲೇಬಲ್ ಅಂಟಿಸೋದು ಒಂದು. ನಿಜವಾದ ತೊಂದರೆ ಇರೋ ಮಗುವನ್ನ "ಊರು ಬದಲಾಯ್ತಲ್ಲ, ಸರಿಹೋಗುತ್ತೆ ಬಿಡಿ" ಅಂತ ವರ್ಷಗಟ್ಟಲೆ ಕಾಯಿಸೋದು ಇನ್ನೊಂದು. ನಮ್ಮಂಥವರ ಮನೆಗಳಲ್ಲಿ ಎರಡನೆಯದೇ ಹೆಚ್ಚು ಅಂತ ನನಗೆ ಅನ್ಸುತ್ತೆ. ನೆಪ ಕೈಗೆ ಸಿಗೋ ಹಾಗೇ ಇರುತ್ತಲ್ಲ.

ಮೊದಲು ಲಿಪಿಯ ವಿಷಯ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದ್ರೆ ನೂರಾರು ರೂಪ. ಕನ್ನಡ ಓದಲು ಕಲಿಯೋ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯ್ತು. ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರೋಕೆ ಮಕ್ಕಳಿಗೆ ಮೂರ್ನಾಲ್ಕು ವರ್ಷ ಬೇಕಾಗುತ್ತೆ ಅನ್ನೋದು ಅದರಿಂದ ಗೊತ್ತಾಯ್ತು. ಅದೂ ಕರ್ನಾಟಕದಲ್ಲೇ ಇದ್ದು ಕಲಿತ ಮಕ್ಕಳಿಗೆ! ದೇವನಾಗರಿಯದ್ದೂ ಇದೇ ಥರದ ಕಟ್ಟಡ. ಹಾಗಾಗಿ ಒಂದು ವರ್ಷದ ಮರಾಠಿ ನೋಟ್‌ಬುಕ್ ನೋಡಿ ಯಾರೂ ತೀರ್ಪು ಕೊಡಬಾರದು.

ಹಾಗಾದ್ರೆ ಏನನ್ನ ನೋಡಬೇಕು? ಕಷ್ಟ ಒಂದೇ ಭಾಷೆಯಲ್ಲಿದೆಯಾ, ಎಲ್ಲ ಭಾಷೆಯಲ್ಲೂ ಇದೆಯಾ ಅನ್ನೋದನ್ನ. ಇಂಗ್ಲಿಷ್ ಸರಾಗವಾಗಿ ಓದಿ ಮರಾಠಿಯಲ್ಲಿ ಮಾತ್ರ ತಡವರಿಸಿದ್ರೆ ಅದು ಬಹುಪಾಲು ಹೊಸತರ ಕಷ್ಟ. ಮೂರು ವರ್ಷದಿಂದ ಕಲೀತಿರೋ ಇಂಗ್ಲಿಷಲ್ಲೂ ಸಣ್ಣ ಪದಗಳನ್ನ ಊಹೆ ಮಾಡಿ ಓದೋದು, ಒಂದೇ ಪದವನ್ನ ಒಂದೇ ಪುಟದಲ್ಲಿ ಮೂರು ಥರ ಬರೆಯೋದು, ಬಾಯಲ್ಲಿ ಕೇಳಿದ್ರೆ ಇಡೀ ಪಾಠ ಹೇಳಿ ಪೇಪರಲ್ಲಿ ನಾಲ್ಕು ಸಾಲು ಬರೆಯೋಕಾಗದೆ ಇರೋದು ಕಂಡರೆ ಕಾಯಬೇಡಿ. ಲಿಪಿ ಬೇಡದ ಆಟವೂ ಒಂದಿದೆ. "ನವಿಲು ಪದದಿಂದ 'ನ' ತೆಗೆದ್ರೆ ಏನು ಉಳಿಯುತ್ತೆ?" ಮನೆಮಾತಿನಲ್ಲೇ, ಎಂಟು ವರ್ಷಕ್ಕೂ ಇಂಥದ್ದು ಮತ್ತೆಮತ್ತೆ ತೊಡಕಾದ್ರೆ ಅದೊಂದು ಸುಳಿವು. ರೋಗನಿರ್ಣಯ ಅಲ್ಲ, ಸುಳಿವು ಅಷ್ಟೇ.

ಅಸೆಸ್‌ಮೆಂಟ್‌ಗೆ ಹೋದಾಗ ಮಗು ಯಾವ ಭಾಷೆಯನ್ನ ಎಷ್ಟು ವರ್ಷ ಕಲಿತಿದೆ ಅಂತ ನೀವೇ ಬರೆದುಕೊಂಡು ಹೋಗಿ. ಸೈಕಾಲಜಿಸ್ಟ್ ಕೇಳ್ತಾರೆ ಅಂತ ಕೂರಬೇಡಿ. ಖಾಸಗಿ ವರದಿ ಮಗುವನ್ನ ಅರ್ಥಮಾಡಿಕೊಳ್ಳೋಕೆ ಸಾಕು. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಮಾತ್ರ ಸರ್ಕಾರ ಗುರುತಿಸಿದ ಆಸ್ಪತ್ರೆಗೇ ಹೋಗಬೇಕು. ಮುಂಬೈನವರಿಗೆ ಸಯಾನ್ ಆಸ್ಪತ್ರೆಯ ಎಲ್‌ಡಿ ಕ್ಲಿನಿಕ್ ಪರಿಚಿತ ಹೆಸರು. ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡ್ತಾರೆ. ಆದ್ರೆ ಸಹಾಯ ಶುರುಮಾಡೋಕೆ ಆ ಕಾಗದ ಕಾಯಬೇಕಿಲ್ಲ.

ಕಾನೂನು ನಿಮ್ಮ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಮೂರೂ ಅದರ 17ನೇ ಸೆಕ್ಷನ್‌ನಲ್ಲೇ ಬರೆದಿವೆ. ಸಿಬಿಎಸ್‌ಇ ಮೂರು ಗಂಟೆಯ ಪೇಪರಿಗೆ 60 ನಿಮಿಷ ಹೆಚ್ಚು ಕೊಡುತ್ತೆ.

ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಮರಾಠಿ ತಪ್ಪಿಸಿಕೊಳ್ಳೋಕೆ ಅಂತ ಸರ್ಟಿಫಿಕೇಟ್ ಹುಡುಕೋದು ಸರಿಯಲ್ಲ. ನಿಜವಾಗಿ ಬೇಕಿದ್ದ ಮಗುವಿನ ಮೇಲೂ ಶಾಲೆ ಅನುಮಾನ ಪಡುತ್ತೆ. ವಿನಾಯಿತಿ ಸಿಕ್ಕ ಮಾತ್ರಕ್ಕೆ ಮಗುವಿಗೆ ಓದೋಕೂ ಬರಲ್ಲ. ವಾರಕ್ಕೆರಡು ದಿನವಾದರೂ ಸ್ಪೆಷಲ್ ಎಜುಕೇಟರ್ ಜೊತೆ ಕೂತು ಶಬ್ದ, ಅಕ್ಷರ ಜೋಡಿಸೋ ಕೆಲಸ ಬೇಕೇ ಬೇಕು.

ಈ ವಾರವೇ ಮಾಡಬಹುದಾದ್ದು ಒಂದಿದೆ. ಕ್ಲಾಸ್ ಟೀಚರಿಗೆ ಒಂದು ಮೇಲ್ ಹಾಕಿ: ವಿಜ್ಞಾನ, ಪರಿಸರ ಪಾಠಗಳಲ್ಲಿ ಸ್ವಲ್ಪ ದಿನ ಬಾಯಿಮಾತಿನ ಉತ್ತರಕ್ಕೂ ಅಂಕ ಕೊಡ್ತೀರಾ ಅಂತ ಕೇಳಿ. ಕೆಂಪು ಗೆರೆಗಳ ಹಿಂದೆ ಮಗುವಿಗೆ ಎಷ್ಟು ಗೊತ್ತಿದೆ ಅಂತ ಆಗ ಟೀಚರಿಗೂ ಕಾಣುತ್ತೆ.