ಹಾಲಿಗೆ ಹುಳಿ ಹಿಂಡಿ ನೋಡಿ: ನಮ್ಮ ಹೋಟೆಲಿನಲ್ಲೇ ಪನೀರ್



ಹಾಲಿಗೆ ಹುಳಿ ಹಿಂಡುವುದು ಎಂದರೆ ನಮ್ಮಲ್ಲಿ ಒಳ್ಳೆಯ ಮಾತಲ್ಲ. ಆಗುವ ಕೆಲಸ ಕೆಡಿಸುವವನಿಗೆ ಹಾಗೆ ಹೇಳುವುದು. ಊರ ಮನೆಯಲ್ಲಿ ಒಲೆಯ ಮೇಲೆ ಹಾಲು ಒಡೆದರೆ ಅಮ್ಮಂದಿರ ಮುಖ ಸಪ್ಪೆಯಾಗುತ್ತಿತ್ತು. ನಮ್ಮ ಕರಾವಳಿಯ ಹಳೆಯ ಅಡುಗೆಯಲ್ಲಿ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲ ಇದ್ದರೂ ಪನೀರ್ ಇರಲಿಲ್ಲ. ಇಡ್ಲಿ ದೋಸೆ ನಂಬಿ ಮುಂಬಯಿಗೆ ಬಂದ ನಮ್ಮವರು ಮುಂದೆ ಪಂಜಾಬಿ ಐಟಂ ಶುರು ಮಾಡಿದಾಗ ಪನೀರನ್ನು ಹೊರಗಿನಿಂದ ತರಿಸಿದರು. ಇವತ್ತಿಗೂ ತರಿಸುತ್ತಲೇ ಇದ್ದೇವೆ. ಇಡ್ಲಿ ಹಿಟ್ಟು ಹೊರಗಿನಿಂದ ತರಲು ಮನಸ್ಸು ಒಪ್ಪದ ನಾವು, ಪನೀರ್ ಮಾತ್ರ ಯಾರು ಕೊಟ್ಟರೂ ತೆಗೆದುಕೊಳ್ಳುತ್ತೇವೆ.

ಈಗ ಆ ಕಾಲ ಹೋಯಿತು. ಟೇಬಲ್ ಮೇಲೆ ಕೂತ ಗಿರಾಕಿ ಆರ್ಡರ್ ಕೊಡುವ ಮೊದಲೇ "ಶೆಟ್ರೇ, ಇದು ಹಾಲಿನ ಪನೀರಾ, ಎಣ್ಣೆಯದ್ದಾ?" ಎಂದು ಕೇಳುತ್ತಾನೆ. ಕೆಲವರು ಅಯೋಡಿನ್ ಬಾಟಲಿ ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಉತ್ತರ ಕೊಡಬೇಕಾದವರು ಗಲ್ಲೆಯಲ್ಲಿ ಕೂತ ನಾವು. ಪನೀರ್ ಕೊಟ್ಟವನು ಅಲ್ಲಿ ಇರುವುದಿಲ್ಲ. ಈ ಕಾರಣಕ್ಕೆ ಪನೀರನ್ನು ನಮ್ಮ ಅಡುಗೆಮನೆಯಲ್ಲೇ ಮೊದಲ ಸಲ ಮಾಡುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಸಲಿ ಯಾವುದು, ಅನಲಾಗ್ ಯಾವುದು

ಹಾಲನ್ನು ಹುಳಿಯಿಂದ ಒಡೆಸಿ, ನೀರು ಬಸಿದು, ಒತ್ತಿ ಮಾಡಿದ್ದು ಪನೀರ್. ಆಹಾರ ಸುರಕ್ಷಾ ನಿಯಮದಂತೆ ಪನೀರಿನಲ್ಲಿ ನೀರಿನಂಶ ನೂರಕ್ಕೆ 60ಕ್ಕಿಂತ ಹೆಚ್ಚು ಇರಬಾರದು. ನೀರು ಕಳೆದು ಉಳಿಯುವ ಒಣ ಭಾಗದಲ್ಲಿ ಹಾಲಿನ ಕೊಬ್ಬು ನೂರಕ್ಕೆ 50ಕ್ಕಿಂತ ಕಡಿಮೆ ಆಗಬಾರದು. ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆಯಂಥ ವನಸ್ಪತಿ ಕೊಬ್ಬು ಸೇರಿಸಿ ಮಾಡಿದ್ದು ಅನಲಾಗ್. ಅನಲಾಗ್ ವಿಷವೇನಲ್ಲ. ಅದರದೇ ಹೆಸರಿನಲ್ಲಿ ಮಾರಿದರೆ ಕಾನೂನಿನ ಅಡ್ಡಿಯಿಲ್ಲ. ಆದರೆ ಅದನ್ನು ಪನೀರ್ ಎಂದು ಹೇಳಿ ಮಾರುವುದು ತಪ್ಪು. 2006ರ ಕಾಯಿದೆಯಲ್ಲಿ ಕಳಪೆ ಗುಣಮಟ್ಟದ ಆಹಾರಕ್ಕೆ 5 ಲಕ್ಷ ರೂಪಾಯಿವರೆಗೆ, ಸುಳ್ಳು ಹೆಸರಿನ ಆಹಾರಕ್ಕೆ 3 ಲಕ್ಷದವರೆಗೆ ದಂಡವಿದೆ. ಒಂದು ಕಿಲೋದಲ್ಲಿ ನೂರು ರೂಪಾಯಿ ಉಳಿಸಲು ಹೋಗಿ ಇಷ್ಟು ಅಪಾಯ ಯಾಕೆ?

ಅಯೋಡಿನ್ ಬಗ್ಗೆ ಒಂದು ಮಾತು. ಪನೀರ್ ತುಂಡನ್ನು ನೀರಿನಲ್ಲಿ ಕುದಿಸಿ, ತಣಿಸಿ, ಎರಡು ಹನಿ ಅಯೋಡಿನ್ ಹಾಕಿದಾಗ ನೀಲಿಯಾದರೆ ಅದರಲ್ಲಿ ಪಿಷ್ಟ, ಅಂದರೆ ಹಿಟ್ಟಿನ ಅಂಶ ಇದೆ ಎಂದರ್ಥ. ನೀಲಿಯಾಗದಿದ್ದರೆ ಅಸಲಿ ಎಂದು ಅರ್ಥವಲ್ಲ. ಹಿಟ್ಟು ಹಾಕದೆ ಬರೀ ಪಾಮ್ ಎಣ್ಣೆ ಹಾಕಿದ ಮಾಲು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಗ್ರೇವಿಯಲ್ಲಿ ಕಾರ್ನ್‌ಫ್ಲೋರ್ ಇದ್ದರೆ ಅಸಲಿ ಪನೀರಿನ ತುಂಡೂ ನೀಲಿಯಾಗಬಹುದು. ಇದನ್ನು ಗಿರಾಕಿಗೆ ಸಮಾಧಾನದಿಂದ ತಿಳಿಸಬೇಕು. ಖಚಿತವಾಗಿ ಗೊತ್ತಾಗುವುದು ಲ್ಯಾಬಿನಲ್ಲಿ ಮಾತ್ರ.

ಮೊದಲ ಸಲಕ್ಕೆ 5 ಲೀಟರ್ ಸಾಕು

ಹಾಲು: ಎಮ್ಮೆ ಹಾಲು ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಫುಲ್ ಕ್ರೀಮ್ ಪ್ಯಾಕೆಟ್ ಹಾಲು ತೆಗೆದುಕೊಳ್ಳಿ. ಅದರಲ್ಲಿ ಕೊಬ್ಬು ನೂರಕ್ಕೆ 6 ಇರುತ್ತದೆ. ಟೋನ್ಡ್ ಹಾಲಿನಲ್ಲಿ 3 ಮಾತ್ರ. ಟೋನ್ಡ್ ಹಾಲಿನಿಂದ ಮಾಡಿದರೆ ಪನೀರ್ ಗಟ್ಟಿಯಾಗಿ ರಬ್ಬರಿನಂತೆ ಆಗುತ್ತದೆ, ಮೇಲೆ ಹೇಳಿದ 50ರ ಗೆರೆಯೂ ಮುಟ್ಟುವುದಿಲ್ಲ. ತಿಂಗಳುಗಟ್ಟಲೆ ಹೊರಗೆ ಇಡಬಹುದಾದ ಟೆಟ್ರಾ ಪ್ಯಾಕ್ ಹಾಲು ಬೇಡ, ಅದರ ಗಷ್ಟಿ ಸರಿಯಾಗಿ ಕೂಡಿಕೊಳ್ಳುವುದಿಲ್ಲ.

ಪಾತ್ರೆ: ದಪ್ಪ ತಳದ ಸ್ಟೀಲ್ ಟೋಪು. ಹುಳಿ ಬೀಳುವುದರಿಂದ ಅಲ್ಯೂಮಿನಿಯಂ ಬೇಡ. ಒಂದು ಅಡುಗೆ ಥರ್ಮಾಮೀಟರ್ ತೆಗೆದುಕೊಳ್ಳಿ. ಭಟ್ಟರು "ಕೈಯಲ್ಲಿ ಮುಟ್ಟಿದರೆ ನನಗೆ ಗೊತ್ತಾಗುತ್ತದೆ" ಎನ್ನಬಹುದು. ಆದರೆ ಆ ಭಟ್ಟರು ರಜೆಯಲ್ಲಿ ಊರಿಗೆ ಹೋದ ದಿನವೂ ಪನೀರ್ ಹಾಗೆಯೇ ಬರಬೇಕಲ್ಲ.

ಕಾಯಿಸುವುದು: ಹಾಲನ್ನು 90 ಡಿಗ್ರಿಗೆ ಕಾಯಿಸಿ, ತಳ ಹಿಡಿಯದಂತೆ ಸಟ್ಟುಗದಿಂದ ಕೆದಕುತ್ತಾ ಐದು ನಿಮಿಷ ಇಡಿ. ಇದು ಬರೀ ಕ್ರಿಮಿ ಸಾಯಲಿ ಎಂದಲ್ಲ. ಹಾಲಿನಲ್ಲಿ ಎರಡು ಬಗೆಯ ಪ್ರೋಟೀನ್ ಇದೆ. ಒಂದು ಹುಳಿಗೆ ಗಟ್ಟಿಯಾಗುವುದು, ಇನ್ನೊಂದು ನೀರಿನ ಜೊತೆ ಹೋಗಿಬಿಡುವುದು. ಚೆನ್ನಾಗಿ ಕಾಯಿಸಿದಾಗ ಎರಡನೆಯದೂ ಮೊದಲನೆಯದಕ್ಕೆ ಅಂಟಿಕೊಳ್ಳುತ್ತದೆ. ಅದರಿಂದ ತೂಕ ಹೆಚ್ಚು ಬರುತ್ತದೆ.

ಒಡೆಸುವುದು: ಒಲೆ ಆರಿಸಿ, ಹಾಲು 70ರಿಂದ 75 ಡಿಗ್ರಿಗೆ ಇಳಿಯುವವರೆಗೆ ಕಾಯಿರಿ. ಹೆಚ್ಚಿನವರು ಕುದಿಯುವ ಹಾಲಿಗೇ ಲಿಂಬೆ ಹಿಂಡುತ್ತಾರೆ, ಪನೀರ್ ಗಡುಸಾಗುವುದು ಅಲ್ಲಿಂದಲೇ. ಲಿಂಬೆಯ ಹುಳಿ ದಿನಕ್ಕೊಂದು ತರಹ ಇರುತ್ತದೆ. ಹೋಟೆಲಿಗೆ ಸಿಟ್ರಿಕ್ ಆಸಿಡ್, ಕಿರಾಣಿಯವರು ಲಿಂಬು ಫೂಲ್ ಎನ್ನುವುದು, ಅದೇ ಲೆಕ್ಕಕ್ಕೆ ಸರಿ. ತಿನ್ನುವ ದರ್ಜೆಯದ್ದೇ ಬೇಕು. 5 ಲೀಟರ್ ಹಾಲಿಗೆ 10ರಿಂದ 12 ಗ್ರಾಂ. ಅದನ್ನು ಒಂದು ಲೀಟರ್ ಬಿಸಿ ನೀರಿನಲ್ಲಿ ಕರಗಿಸಿ ಸಣ್ಣ ಧಾರೆಯಾಗಿ ಬಿಡುತ್ತಾ ಮೆಲ್ಲಗೆ ತಿರುವಿ. ಹಾಲು ಒಡೆದು ಹಸಿರು ಛಾಯೆಯ ತಿಳಿನೀರು ಕಂಡ ಕೂಡಲೇ ನಿಲ್ಲಿಸಿ. ಹುಳಿನೀರು ಉಳಿದರೆ ಉಳಿಯಲಿ. ಪೂರ್ತಿ ಹಾಕಲೇಬೇಕೆಂದಿಲ್ಲ. ಐದು ನಿಮಿಷ ಮುಟ್ಟದೆ ಬಿಡಿ.

ಬಸಿದು ಒತ್ತುವುದು: ತೂತಿನ ಪಾತ್ರೆಗೆ ಒದ್ದೆ ಮಲ್ಮಲ್ ಬಟ್ಟೆ ಹಾಕಿ ಬಿಸಿ ಇರುವಾಗಲೇ ಬಸಿಯಿರಿ. ಆರಿದ ಮೇಲೆ ಬಸಿದರೆ ತುಂಡು ಒಂದಕ್ಕೊಂದು ಹಿಡಿಯುವುದಿಲ್ಲ. ಬಟ್ಟೆ ಮಡಚಿ, ಮೇಲೆ ಸಮತಟ್ಟಾದ ತಟ್ಟೆ ಇಟ್ಟು, 8ರಿಂದ 10 ಕಿಲೋ ಭಾರ ಹೇರಿ 15ರಿಂದ 20 ನಿಮಿಷ ಬಿಡಿ. ನಂತರ ತುಂಡು ಮಾಡಿ, ಕುಡಿಯುವ ನೀರಿಗೆ ಐಸ್ ಹಾಕಿ ಎರಡು ಗಂಟೆ ಮುಳುಗಿಸಿಡಿ. ಆಗಲೇ ಚಾಕು ತಾಗಿದರೆ ಪುಡಿಯಾಗದ ಪನೀರ್ ಸಿಗುವುದು. ಐಸ್ ಕೂಡ ಕುಡಿಯುವ ನೀರಿನದ್ದೇ ಆಗಿರಲಿ.

ಕೆಟ್ಟರೆ ಎಲ್ಲಿ ಕೆಟ್ಟಿತು

ತಿಳಿನೀರು ಬೆಳ್ಳಗೆ ಉಳಿದರೆ ಹುಳಿ ಸಾಲದು, ಇಲ್ಲವೇ ಹಾಲು ತೀರಾ ಆರಿದೆ. ಪನೀರ್ ರಬ್ಬರಿನಂತಾದರೆ ಹಾಲು ತುಂಬಾ ಬಿಸಿ ಇತ್ತು, ಒಡೆದ ಮೇಲೂ ಒಲೆ ಉರಿಯುತ್ತಿತ್ತು, ಅಥವಾ ಹಾಲಿನಲ್ಲಿ ಕೊಬ್ಬು ಕಡಿಮೆ. ಪುಡಿಪುಡಿಯಾದರೆ ಹುಳಿ ಹೆಚ್ಚಾಗಿದೆ ಅಥವಾ ಜೋರಾಗಿ ಕಲಕಿದ್ದಾರೆ. ಹುಳಿ ರುಚಿ ಬಂದರೆ ತಿಳಿನೀರು ಸರಿಯಾಗಿ ಹೋಗಿಲ್ಲ. ಪುಡಿಯಾದದ್ದನ್ನು ಬಿಸಾಡಬೇಡಿ, ಭುರ್ಜಿಗೆ, ಪರಾಠಕ್ಕೆ, ಕೋಫ್ತಾಕ್ಕೆ ಅದು ಸರಿಯಾದ ಮಾಲು.

ಲೆಕ್ಕ ಹೇಗೆ ಬೀಳುತ್ತದೆ

ಎಮ್ಮೆ ಹಾಲಿನಲ್ಲಿ ನೂರಕ್ಕೆ ಸುಮಾರು 20, ದನದ ಹಾಲಿನಲ್ಲಿ ಸುಮಾರು 16 ಪನೀರ್ ಬರುತ್ತದೆ. ಅಂದರೆ 5 ಲೀಟರ್ ಒಳ್ಳೆಯ ಹಾಲಿಗೆ ಒಂದು ಕಿಲೋದ ಹತ್ತಿರ. ಹಾಲು ಲೀಟರಿಗೆ 70 ರೂಪಾಯಿ ಎಂದು ಹಿಡಿದರೆ ಹಾಲಿನ ಖರ್ಚೇ 350. ಗ್ಯಾಸು, ಐಸು, ಆಳಿನ ಹೊತ್ತು ಸೇರಿಸಿ. ನಿಮ್ಮ ಪೇಟೆಯ ದರ ಹಾಕಿ ನೀವೇ ನೋಡಿ. ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಹಾಲಿನ ಖರ್ಚಿಗಿಂತ ತುಂಬಾ ಕಡಿಮೆಗೆ ಯಾರಾದರೂ "ಅಸಲಿ ಪನೀರ್" ಬಾಗಿಲಿಗೆ ತಂದು ಕೊಟ್ಟರೆ, ಅವನು ಹಾಲು ಎಲ್ಲಿಂದ ತರುತ್ತಾನೆ ಎಂದು ಕೇಳಲೇಬೇಕು. ನಮಗೂ ಒಬ್ಬ ಸಪ್ಲೈಯರ್ ಹೀಗೆ ಕೊಡಲು ಬಂದಿದ್ದ. ಬಿಲ್ ಕೇಳಿದ ಮರುದಿನದಿಂದ ಬರಲಿಲ್ಲ.

ಒಂದು ಪ್ಲೇಟಿಗೆ 100 ಗ್ರಾಂ ಪನೀರ್ ಹಾಕಿದರೆ, ಕಿಲೋಗೆ 100 ರೂಪಾಯಿ ಹೆಚ್ಚಾದರೂ ಪ್ಲೇಟಿನಲ್ಲಿ ವ್ಯತ್ಯಾಸ 10 ರೂಪಾಯಿ. "ಪನೀರ್ ಇಲ್ಲಿಯೇ ಮಾಡಿದ್ದು" ಎಂದು ಮೆನು ಕಾರ್ಡಿನಲ್ಲಿ ಬರೆದರೆ ಆ 10 ರೂಪಾಯಿ ಕೊಡಲು ಗಿರಾಕಿ ಹಿಂದೆ ಮುಂದೆ ನೋಡುವುದು ಕಡಿಮೆ. ಆದರೆ ಬರೆದ ಮೇಲೆ ಹಾಗೆಯೇ ನಡೆಯಬೇಕು. ಹಬ್ಬದ ದಿನ ಸಾಲದೆ ಬಂದು ಹೊರಗಿನದ್ದು ತಂದರೆ ಆ ದಿನ ಬೋರ್ಡ್ ತೆಗೆಯಬೇಕು.

ತಿಳಿನೀರನ್ನು ಗಟಾರಕ್ಕೆ ಸುರಿಯಬೇಡಿ. ಚಪಾತಿ ಹಿಟ್ಟು ಕಲಸಲು, ಗ್ರೇವಿಗೆ ನೀರಿನ ಬದಲು, ಕಢಿಗೆ ಬರುತ್ತದೆ. ಅದೇ ದಿನ ಬಳಸಿ, ಉಳಿದದ್ದು ಫ್ರಿಜ್ಜಿನಲ್ಲಿರಲಿ. ಪನೀರನ್ನೂ ಫ್ರಿಜ್ಜಿನಲ್ಲಿ ಮುಚ್ಚಿಟ್ಟು, ಮಾಡಿದ ದಿನದ ಚೀಟಿ ಅಂಟಿಸಿ ಎರಡು ದಿನದಲ್ಲಿ ಮುಗಿಸಿ. ಹಸಿ ತರಕಾರಿ ಕತ್ತರಿಸುವ ಮಣೆಯ ಮೇಲೆ ಅದನ್ನು ಇಡಬಾರದು.

ಎಲ್ಲರಿಗೂ ಆಗುವ ಕೆಲಸವೇ

ದಿನಕ್ಕೆ ಮೂರು ನಾಲ್ಕು ಕಿಲೋ ಹೋಗುವ ಹೋಟೆಲಿಗೆ ಇದು ಧಾರಾಳ ಆಗುತ್ತದೆ. ಬೆಳಗಿನ ತಿಂಡಿಯ ಗಡಿಬಿಡಿ ಮುಗಿದ ಮೇಲೆ ಒಬ್ಬ ಹುಡುಗನಿಗೆ ಎರಡು ಗಂಟೆಯ ಕೆಲಸ. ದಿನಕ್ಕೆ 30 ಕಿಲೋ ಬೇಕಾದವರಿಗೆ 150 ಲೀಟರ್ ಹಾಲು, ದೊಡ್ಡ ವ್ಯಾಟ್, ಒತ್ತುವ ಯಂತ್ರ, ಚಿಲ್ಲರ್ ಬೇಕು, ಮುಂಬಯಿಯ ಜಾಗದ ಬಾಡಿಗೆಯಲ್ಲಿ ಅದು ನಡೆಯುವ ಮಾತಲ್ಲ. ಅಂಥವರು ಗೊತ್ತಿರುವ ಡೇರಿಯಿಂದ, 14 ಅಂಕೆಯ ಲೈಸೆನ್ಸ್ ನಂಬರ್ ಮತ್ತು ಸಾಮಗ್ರಿಗಳ ಪಟ್ಟಿ ಇರುವ ಮಾಲನ್ನೇ ಬಿಲ್ ಸಮೇತ ತೆಗೆದುಕೊಳ್ಳಲಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಪನೀರಿನ ಮೇಲಿದ್ದ 5 ಶೇಕಡಾ ಜಿಎಸ್‌ಟಿ ಕೂಡ ಹೋಗಿದೆ. ಆದ್ದರಿಂದ ಬಿಲ್ ಬೇಡ ಎನ್ನಲು ಈಗ ಆ ನೆಪವೂ ಇಲ್ಲ. ತಾನೇ ಮಾಡಿದ ಪನೀರನ್ನು ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ಮಾರುವ ಆಸೆ ಇದ್ದವರು ಮೊದಲು ತಮ್ಮ ಲೈಸೆನ್ಸಿನಲ್ಲಿ ಆ ವ್ಯವಹಾರ ಸೇರಿದೆಯೇ ಎಂದು ನೋಡಿಕೊಳ್ಳಿ.

ಮುಂದಿನ ವಾರ ಗಿರಾಕಿ ಕಡಿಮೆ ಇರುವ ಒಂದು ದಿನ 5 ಲೀಟರ್ ಹಾಲು ಹೆಚ್ಚಿಗೆ ತರಿಸಿ. ಹಾಲು ಎಷ್ಟು, ಹುಳಿ ಎಷ್ಟು, ಬಿಸಿ ಎಷ್ಟು, ಪನೀರ್ ಎಷ್ಟು ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ನಾಲ್ಕು ಸಲ ಮಾಡಿದರೆ ನಿಮ್ಮ ಹಾಲಿಗೆ, ನಿಮ್ಮ ಒಲೆಗೆ ಸರಿಯಾದ ಅಳತೆ ಸಿಗುತ್ತದೆ. ಮೊದಲ ತುಂಡನ್ನು ಮಸಾಲೆ ಹಾಕದೆ ಹಾಗೆಯೇ ನಿಮ್ಮ ಭಟ್ಟರಿಗೆ ಕೊಡಿ, ನೀವೂ ತಿನ್ನಿ. ಹೊರಗಿನಿಂದ ಬರುತ್ತಿದ್ದ ಮಾಲನ್ನು ಪಕ್ಕದಲ್ಲಿಟ್ಟು ತಿನ್ನಿ. ಮುಂದೆ ಏನು ಮಾಡಬೇಕೆಂದು ನಾಲಿಗೆಯೇ ಹೇಳುತ್ತದೆ.