ಗುಳಿಗೆ ಒಲೆಯ ಪಾಲನೆ

ಮರದ ಪುಡಿ, ನೆಲಗಡಲೆಯ ಸಿಪ್ಪೆ ಮೊದಲಾದ ತ್ಯಾಜ್ಯ ವಸ್ತುಗಳನ್ನು ಯಂತ್ರದಲ್ಲಿ ಒತ್ತಿ ತಯಾರಿಸಿದ ಪೆಲ್ಲೆಟ್ ಎಂಬ ಗುಳಿಗೆಗಳನ್ನು ಉರಿಸುವ ಒಲೆಯು ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಇಂತಹ ಒಲೆಯೊಂದು 2006ರ ಸುಮಾರಿಗೆ ‘ಊರ್ಜಾ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು.

ಕಳೆದ ಮಳೆಗಾಲದಲ್ಲಿ ಮಂಗಳೂರು ನಗರದ ಅಂಚಿನ ಒಂದು ತೋಟದ ಮನೆಗೆ ಹೋಗಿದ್ದಾಗ, ಒಲೆಯು ಹಾಳಾಯಿತೆಂದೂ ಅದನ್ನು ಗುಜರಿಗೆ ಹಾಕುವೆನೆಂದೂ ಯಜಮಾನರು ಹೇಳಿದರು. ಅಡಿಗೆಮನೆಯಲ್ಲಿ ಹೊಗೆ ಕವಿದು ಅವರ ವೃದ್ಧ ತಾಯಿಯವರು ಕೆಮ್ಮುತ್ತಿದ್ದರು. ಬಿಚ್ಚಿ ನೋಡಲಾಗಿ ಒಲೆಯಲ್ಲಿ ಮುರಿದುದು ಏನೂ ಇರಲಿಲ್ಲ. ತಳದ ಜಾಲರಿಯ ರಂಧ್ರಗಳು ಕಿಟ್ಟದಿಂದ ಮುಚ್ಚಿದ್ದುವು. ಗುಳಿಗೆಯ ಚೀಲವು ನೆಲದ ಮೇಲೆಯೇ ಇದ್ದು ತೇವವನ್ನು ಹೀರಿತ್ತು. ಇವೆರಡನ್ನು ಸರಿಪಡಿಸಿದೊಡನೆ ಉರಿಯು ಮೊದಲಿನಂತಾಯಿತು.

ಇದರ ಕಾರಣವನ್ನು ತಿಳಿಯುವುದು ಸುಲಭ. ಈ ಒಲೆಗೆ ಮೇಲಿನಿಂದ ಬೆಂಕಿ ಹೊತ್ತಿಸುತ್ತಾರೆ. ಸಣ್ಣ ಫ್ಯಾನು ತಳದ ಜಾಲರಿಯ ಮೂಲಕ ಗಾಳಿಯನ್ನೂದಲು, ಗುಳಿಗೆಗಳು ಕಾದು ಅನಿಲವನ್ನು ಬಿಡುತ್ತವೆ. ಆ ಅನಿಲವು ಬಾಯಿಯ ಸುತ್ತಲಿನ ರಂಧ್ರಗಳಿಂದ ಬರುವ ಗಾಳಿಯೊಡನೆ ಕೂಡಿ ಉರಿಯುತ್ತದೆ. ಗಾಳಿಯ ದಾರಿ ಕಟ್ಟಿದರೆ ಅನಿಲವು ಉರಿಯದೆ ಹೊಗೆಯಾಗುವುದು. ಆದುದರಿಂದ ಗಾಳಿಯ ದಾರಿಯನ್ನು ಕಾಯುವುದೇ ಒಲೆಯನ್ನು ಕಾಯುವುದು.

ಪ್ರತಿದಿನ: ಒಲೆಯು ಪೂರ್ಣವಾಗಿ ಆರಿದ ಮೇಲೆ ಬೂದಿಯನ್ನು ತೆಗೆದು, ಜಾಲರಿಯ ರಂಧ್ರಗಳನ್ನು ಹಿಡಿಸೂಡಿಯ ಕಡ್ಡಿಯಿಂದ ಬಿಡಿಸತಕ್ಕದ್ದು. ಕಾದ ಜಾಲರಿಗೆ ನೀರು ಹಾಕಲೇಕೂಡದು, ಅದು ಬಿರಿಯುವುದು.

ವಾರಕ್ಕೊಮ್ಮೆ: ಮೇಲಿನ ರಂಧ್ರಗಳನ್ನು ಶುಚಿಮಾಡಿ, ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಫ್ಯಾನಿನ ಧೂಳನ್ನು ಒಣ ಕುಂಚದಿಂದ ತೆಗೆಯಬೇಕು. ಬ್ಯಾಟರಿಯಿದ್ದರೆ ಅದರ ಚಾರ್ಜನ್ನು ನೋಡಿಕೊಳ್ಳಬೇಕು.

ಮಳೆಗಾಲಕ್ಕೆ ಮುಂಚೆ: ಒಳಗೋಡೆಯ ಬಿರುಕುಗಳನ್ನೂ ವಯರುಗಳನ್ನೂ ಪರೀಕ್ಷಿಸಿ, ಅಗತ್ಯವಾದರೆ ಬಲ್ಲವರಿಂದ ದುರಸ್ತಿ ಮಾಡಿಸತಕ್ಕದ್ದು. ಗುಳಿಗೆಗಳನ್ನು ಭದ್ರವಾದ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಹಲಗೆಯ ಮೇಲಿಡಬೇಕು. ಒಳ್ಳೆಯ ಗುಳಿಗೆಯು ಮುರಿದಾಗ ಚಟ್ಟೆಂದು ಶಬ್ದಮಾಡುತ್ತದೆ. ಕೆಟ್ಟುದು ಬೆರಳಲ್ಲಿಯೇ ಪುಡಿಯಾಗುತ್ತದೆ. ಒಮ್ಮೆ ಉಬ್ಬಿದ ಗುಳಿಗೆಯು ಬಿಸಿಲಿಗೆ ಹಾಕಿದರೂ ಮೊದಲಿನಂತೆ ಗಟ್ಟಿಯಾಗದು. ಪುಡಿಯನ್ನು ಜರಡಿ ಹಿಡಿದು ಬೇರ್ಪಡಿಸಿ ಬಚ್ಚಲೊಲೆಗೆ ಹಾಕಿ ಮುಗಿಸಬಹುದು.

ಒಂದು ಎಚ್ಚರಿಕೆಯನ್ನು ಎಲ್ಲರೂ ಮನಸ್ಸಿನಲ್ಲಿಡಬೇಕು. ಜ್ವಾಲೆಯು ಅಡಗಿದ ಮೇಲೆಯೂ ಉಳಿದ ಕೆಂಡದಿಂದ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಇಂಗಾಲದ ಮಾನಾಕ್ಸೈಡು ಎಂಬ ವಿಷಾನಿಲವು ಹೊರಡುತ್ತದೆ. ಮಳೆ ಚಳಿಗೆ ಹೆದರಿ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಕೆಂಡವಿರುವ ಒಲೆಯನ್ನು ಮಲಗುವ ಕೋಣೆಯಲ್ಲಿಡುವುದು ಪ್ರಾಣಾಪಾಯಕರ.

ಮರದ ಪುಡಿಯ ಗುಳಿಗೆಗಳ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ, ಹುಳಿ ಮಣ್ಣಿನ ನಮ್ಮ ಕರಾವಳಿಯ ತೆಂಗಿನ ಬುಡಕ್ಕೆ ಅದನ್ನು ತೆಳುವಾಗಿ ಹರಡಬಹುದು. ಸಗಣಿಗೊಬ್ಬರದೊಡನೆ ಬೆರಸಿಡಬಾರದು, ಹಾಗೆ ಮಾಡಿದರೆ ಗೊಬ್ಬರದ ಸಾರಜನಕವು ಅಮೋನಿಯವಾಗಿ ಹಾರಿಹೋಗುವುದು.

ಗ್ರಾಮದ ಮುಖಂಡರೂ ಭೂಮಾಲಿಕರೂ ಮೊದಲು ತಮ್ಮ ಮನೆಯ ಒಲೆಯನ್ನು ಬಿಚ್ಚಿ ನೋಡಿ, ಅನಂತರ ನೆರೆಹೊರೆಯವರಿಗೂ ಒಕ್ಕಲುಗಳಿಗೂ ತೋರಿಸಿಕೊಡುವುದು ಉಚಿತ. ಹಿಡಿಸೂಡಿಯ ಒಂದು ಕಡ್ಡಿಯಿಂದ ಆಗುವ ಕೆಲಸಕ್ಕಾಗಿ ಮನೆಯ ಹೆಂಗಸರು ಹೊಗೆ ಕುಡಿಯುವಂತಾಗಬಾರದು.