ವಂಶಾಕ್ಷರಗಳಲ್ಲಿ ಪಾಠಾಂತರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ತಾಲ್ಲೂಕುಗಳು ಹೊಗೆಸೊಪ್ಪಿನ ಬೆಳೆಗೆ ಹೆಸರಾದವು. ಆದಕಾರಣ ಇಲ್ಲಿ ಕ್ಯಾನ್ಸರಿನ ಮಾತು ಬಂದೊಡನೆ ಬೀಡಿ, ಸಿಗರೇಟುಗಳ ಕಡೆಗೆ ಲಕ್ಷ್ಯ ಹೋಗುವುದು ಸಹಜವೇ. ಹೊಗೆಸೊಪ್ಪು ಶರೀರದ ಜೀವಕಣಗಳ ಡಿ.ಎನ್.ಎ.ಯನ್ನು ಕೆಡಿಸುವುದು ನಿಜ. ಆದರೆ ಶ್ವಾಸಕೋಶದಲ್ಲೋ ಬಾಯಲ್ಲೋ ಆದ ಆ ಕೇಡು ಮಕ್ಕಳಿಗೆ ಇಳಿಯುವುದಿಲ್ಲ. ಹುಟ್ಟಿನಿಂದಲೇ ಬಂದು ಮಕ್ಕಳಿಗೂ ಇಳಿಯಬಹುದಾದ ವ್ಯತ್ಯಾಸಗಳು ಬೇರೆ ಇವೆ. ನಾವು ಇಲ್ಲಿ ವಿಚಾರಿಸುವುದು ಅವನ್ನು.

ಸ್ತನದ ಹಾಗೂ ಅಂಡಾಶಯದ ಕ್ಯಾನ್ಸರಿಗೆ ಸಂಬಂಧಪಟ್ಟ ಬಿ.ಆರ್.ಸಿ.ಎ. ಎಂಬ ಎರಡು ವಂಶವಾಹಿಗಳು 1994 ಮತ್ತು 1995ರಲ್ಲಿ ಪತ್ತೆಯಾದವು. ಇಂದು ವೈದ್ಯರ ಸಲಹೆಯಂತೆ ರಕ್ತ ಕೊಟ್ಟು ಅವುಗಳನ್ನು ಓದಿಸಬಹುದು. ಬಂದ ವರದಿಯಲ್ಲಿ ಕೆಲವೊಮ್ಮೆ ‘ಅರ್ಥ ಅನಿಶ್ಚಿತವಾದ ವ್ಯತ್ಯಾಸ’ ಎಂದಿರುತ್ತದೆ. ಇದನ್ನೇ ರೋಗವೆಂದು ಬಗೆದು ಮನೆಯವರು ಕಂಗೆಡುವುದುಂಟು.

ತಾಳೆಗರಿಯ ಒಂದು ಪ್ರತಿಯಲ್ಲಿ ಅಕ್ಷರ ಬೇರೆಯಾಗಿದ್ದರೆ ಅದು ಲಿಪಿಕಾರನ ದೋಷವೋ, ಸಾಧುವಾದ ಪಾಠಾಂತರವೋ ಎಂಬುದು ಆ ಒಂದೇ ಪ್ರತಿಯಿಂದ ತಿಳಿಯದು. ಹಲವು ಪ್ರತಿಗಳನ್ನು ಹರಡಿಕೊಂಡು ಹೋಲಿಸಬೇಕು. ವಿಜ್ಞಾನಿಗಳು ಮಾಡುವುದೂ ಇದನ್ನೇ. ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2013ರಿಂದ ಕ್ಲಿನ್‌ವಾರ್ ಎಂಬ ಸಾರ್ವಜನಿಕ ಭಂಡಾರವನ್ನು ನಡೆಸುತ್ತಿದೆ. ನಾನಾ ದೇಶಗಳ ಪ್ರಯೋಗಾಲಯಗಳು ತಾವು ಕಂಡ ವ್ಯತ್ಯಾಸವನ್ನೂ ತಮ್ಮ ತೀರ್ಪನ್ನೂ ಅಲ್ಲಿಗೆ ಸಲ್ಲಿಸುತ್ತವೆ. ತೀರ್ಪು ಐದು ತೆರ: ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರಪಾಯ, ನಿರಪಾಯ. ತೀರ್ಪುಗಳು ಪರಸ್ಪರ ವಿರೋಧಿಸಿದರೆ ಆ ವಿರೋಧವನ್ನೂ ಮುಚ್ಚಿಡದೆ ತೋರಿಸುತ್ತಾರೆ. ಪಂಡಿತಮಂಡಲಿಗಳಲ್ಲಿ ಇದು ಅಪರೂಪದ ಗುಣವೆಂದು ನಾವು ಬಲ್ಲೆವು.

ತೀರ್ಪಿಗೆ ಮುಖ್ಯ ಆಧಾರಗಳಲ್ಲೊಂದು, ಆ ವ್ಯತ್ಯಾಸ ಜನಸಾಮಾನ್ಯರಲ್ಲಿ ಎಷ್ಟು ಮಂದಿಗೆ ಇದೆಯೆಂಬುದು. ಬಹುಮಂದಿಯಲ್ಲಿ ಕಾಣುವುದು ಇಂಥ ಅಪಾಯಕ್ಕೆ ಪ್ರಬಲ ಕಾರಣವಾಗಲಾರದು. ತೊಡಕಿರುವುದು ಇಲ್ಲಿಯೇ. ಲೋಕದ ಭಂಡಾರಗಳಲ್ಲಿ ಯೂರೋಪ್ ಮೂಲದವರ ಪ್ರತಿಗಳೇ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾದ ಪಾಠ ಅಲ್ಲಿ ಅಪರೂಪವೆಂದು ತೋರಬಹುದು. ಈ ಕೊರತೆಯನ್ನು ನೀಗಲು 2020ರಲ್ಲಿ 1,029 ಭಾರತೀಯರ ವಂಶಾಕ್ಷರಗಳ ‘ಇಂಡಿಜೀನೋಮ್ಸ್’ ಭಂಡಾರವು ಪ್ರಕಟವಾಯಿತು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದ ಮುಂದಾಳುತನದಲ್ಲಿ ಸುಮಾರು 10,000 ಮಂದಿಯವನ್ನು ಓದಿದರು. ಫರೀದಾಬಾದಿನಲ್ಲಿರಿಸಿದ ಆ ಸಂಗ್ರಹವು 2025ರ ಜನವರಿ 9ರಂದು ಸಂಶೋಧಕರಿಗೆ ತೆರೆಯಿತು.

ಆದ್ದರಿಂದ ‘ಅನಿಶ್ಚಿತ’ವೆಂಬ ಒಂದೇ ಮಾತನ್ನು ನಂಬಿ ಸ್ತನವನ್ನಾಗಲಿ ಅಂಡಾಶಯವನ್ನಾಗಲಿ ತೆಗೆಸಿಕೊಳ್ಳುವುದು ಯುಕ್ತವಲ್ಲ. ತಾಯಿ, ಸೋದರತ್ತೆ, ಅಕ್ಕತಂಗಿಯರಲ್ಲಿ ರೋಗ ಬಂದಿದ್ದರೆ ಅದಕ್ಕೆ ಬೇಕಾದ ಎಚ್ಚರಿಕೆ ಬೇರೆ. ಅದನ್ನು ವೈದ್ಯರು ಹೇಳುವರು. ಅನಿಶ್ಚಿತವೆಂದಿದ್ದವು ಮರುವಿಮರ್ಶೆಯಲ್ಲಿ ಹೆಚ್ಚಾಗಿ ನಿರಪಾಯದ ಕಡೆಗೇ ಸರಿಯುತ್ತವೆ. ಕೆಲವು ಮಾತ್ರ ಅಪಾಯದ ಕಡೆಗೆ. ವರದಿಯನ್ನು ಜಮೀನಿನ ಕಾಗದಪತ್ರಗಳೊಡನೆ ಜೋಪಾನವಾಗಿಟ್ಟು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ವೈದ್ಯರಿಗೆ ತೋರಿಸಿ, ತೀರ್ಪು ಬದಲಾಗಿದೆಯೇ ಎಂದು ಕೇಳತಕ್ಕದ್ದು.